ಕೆಲಸದವಳ ಪಾತ್ರಕ್ಕೆ ಅತ್ತೆಯ ಮಾತು

ನಾಟಕದಲ್ಲಿ ಮನುಷ್ಯರನ್ನು ಮಾಡುವುದು ಮಾತು. ಬಣ್ಣ, ಸೀರೆ, ಮೀಸೆ ಎಲ್ಲ ಆಮೇಲೆ. ಇದನ್ನು ನಾನು ಕಲಿತದ್ದು ಅತ್ತೆಯ ಮಾತು ಕದ್ದು. ಆ ಕಲಿಕೆಗೆ ಇವತ್ತಿಗೂ ನಾಚುತ್ತೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮಾವ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆಂದು ಹೋದವರು ಎರಡು ವರ್ಷ ಕಾಗದ ಬರೆದು ಸುಮ್ಮನಾದರು. ಆಮೇಲೆ ಅತ್ತೆ ತಲ್ಲೂರಿನ ನಮ್ಮ ಮನೆಗೇ ಬಂದು ನಿಂತರು. ನನ್ನನ್ನು ಎತ್ತಿ ಆಡಿಸಿದವರು ಅವರೇ. ಮಾವನ ಸುದ್ದಿ ಯಾರು ಕೇಳಿದರೂ ಒಂದೇ ಉತ್ತರ: "ಬತ್ರ್, ಬಸ್ ತಪ್ಪಿರ್ಕ್." ಬರುತ್ತಾರೆ, ಬಸ್ಸು ತಪ್ಪಿರಬೇಕು ಎಂದು ಇಪ್ಪತ್ತು ವರ್ಷ ಅದೇ ಉತ್ತರ. ಕೇಳಿದವರು ನಗುತ್ತಿರಲಿಲ್ಲ, ಮಾತು ಬದಲಿಸುತ್ತಿದ್ದರು.

ತೊಂಬತ್ತೆಂಟರಲ್ಲಿ ಊರಿನ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗೆಲ್ಲ ನಮ್ಮ ನಾಟಕಗಳಲ್ಲಿ ನಾಯಕ ನಾಯಕಿ ಪುಸ್ತಕದ ಕನ್ನಡ ಮಾತಾಡಬೇಕು. ನಾವು ಮನೆಯಲ್ಲಿ ಆಡುವ ಕುಂದಾಪ್ರ ಕನ್ನಡ ಬರುವುದು ಕೆಲಸದವರ ಬಾಯಲ್ಲಿ, ಅದೂ ನಗಿಸಲಿಕ್ಕೆ. ನಾನೂ ಅದೇ ಹಾದಿ ಹಿಡಿದೆ. ಆದರೆ ನನ್ನ ಕೆಲಸದವಳು ಎಷ್ಟು ಬರೆದರೂ ಸತ್ತ ಮೀನಿನ ಹಾಗೆ ಬಿದ್ದಿದ್ದಳು. ಒಂದು ದಿನ ಅವಳಿಗೆ ಊರು ಬಿಟ್ಟ ಗಂಡನನ್ನು ಕೊಟ್ಟು, ಅತ್ತೆಯ ಆ ಮಾತನ್ನೇ ಬಾಯಿಗೆ ಹಾಕಿದೆ. ಎದ್ದು ನಿಂತಳು! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ, ಅಷ್ಟು ಕೊಬ್ಬು.

ನಾಟಕದ ಸಂಜೆ ಅತ್ತೆ ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. "ನಮ್ ಮಗು ಬರ್ದದ್ ನಾಟ್ಕ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು. ಹೆಣ್ಣುವೇಷದವನು ಸೆರಗು ಸಿಕ್ಕಿಸಿ "ಬತ್ರ್, ಬಸ್ ತಪ್ಪಿರ್ಕ್" ಎಂದದ್ದೇ ತಡ, ಶಾಲೆಯ ಮೈದಾನವೇ ನಕ್ಕಿತು. ನಕ್ಕವರು ತಿರುಗಿ ಅತ್ತೆಯನ್ನು ನೋಡಿದರು. ಆ ಮಾತು ನಾಲ್ಕು ಸಲ ಬರಲಿ ಎಂದು ಬರೆದವನು ನಾನೇ. ನಾಲ್ಕೂ ಸಲ ನಕ್ಕರು, ನಾಲ್ಕೂ ಸಲ ತಿರುಗಿದರು. ಅತ್ತೆ ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೂತಿದ್ದರು.

ಮರುದಿನ ಬೆಳಿಗ್ಗೆ ಗಂಜಿ ಬಡಿಸುತ್ತ ಕೇಳಿದರು: "ನನ್ ಮಾತ್ ಅಷ್ಟ್ ನೆಗಿ ಬಪ್ಪಂಗ್ ಇತ್ತಾ ಮಗಾ?"

"ಅದ್ ನಾಟ್ಕ ಅಲ್ದಾ ಅತ್ತೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಂದಿನಿಂದ ಅತ್ತೆ ನನ್ನೊಡನೆ ಪುಸ್ತಕದ ಕನ್ನಡದಲ್ಲೇ ಮಾತಾಡಿದರು. "ಊಟಕ್ಕೆ ಬನ್ನಿ." "ಯಾವಾಗ ಹೊರಡುತ್ತೀರಿ?" ಮನೆಯ ಉಳಿದವರೊಡನೆ ಎಂದಿನ ಮಾತೇ. ತಡೆಯಲಾರದೆ ಒಂದು ದಿನ ಕಾಲಿಗೇ ಬಿದ್ದೆ. "ಪರವಾಗಿಲ್ಲ, ಏಳಿ" ಎಂದರು. ಮಾವನ ಸುದ್ದಿ ಯಾರಾದರೂ ಎತ್ತಿದರೆ ಉತ್ತರ ಕೊಡದೆ ಒಳಗೆ ಹೋಗುತ್ತಿದ್ದರು.

ಹನ್ನೆರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಬ್ರಹ್ಮಾವರದ ಆಸ್ಪತ್ರೆಯಲ್ಲಿ ಮಲಗಿದ್ದರು. ಹಗಲೆಲ್ಲ ನಾನೇ ಪಕ್ಕದಲ್ಲಿರುತ್ತಿದ್ದೆ. ಒಂದು ಮಧ್ಯಾಹ್ನ ನಾನು ದಿಂಬು ಸರಿಮಾಡುತ್ತಿದ್ದಾಗ ನರ್ಸ್ ಬಗ್ಗಿ ಕೇಳಿದಳು: "ಇವ್ರ್ ನಿಮ್ಗ್ ಎಂತ ಆಯ್ಕ್ ಅಮ್ಮಾ?"

ಅತ್ತೆ ನನ್ನ ಮುಖವನ್ನೇ ನೋಡಿದರು. ತಮ್ಮನ ಮಗ ಎನ್ನುತ್ತಾರೆಂದು ಕಾದೆ.

"ಅವರು ನಾಟಕ ಬರೆಯುವವರು" ಎಂದರು.