ಸವೇರಮ್ಮನಿಗೆ ಎಣ್ಣೆ ಹಚ್ಚಿದ್ದು

ಬೀರೂರು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಸವೇರಮ್ಮನಿಗೆ ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ಕಿವುಡರಲ್ಲಿ ಕೆಲವರು ಮಾತು ಕಡಿಮೆ ಮಾಡುತ್ತಾರೆ. ಈಕೆ ಅಂಥವಳಲ್ಲ. ತನ್ನ ಮಾತು ತನಗೆ ಕೇಳಿಸುವವರೆಗೂ ದನಿ ಏರಿಸುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸೊಸೆ ರೋಸಮ್ಮನಿಗೆ ಹೇಳಿದರೆ ಪ್ಲಾಟ್‌ಫಾರಂನಲ್ಲಿ ಗಾಡಿಗೆ ಕಾದವರಿಗೂ ಅದು ತಿಳಿಯುತ್ತಿತ್ತು. ಗಂಡ ಚೌರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ತೀರಿಕೊಂಡಿದ್ದ. ಮಗ ಇನ್ನಾಸಪ್ಪನೂ ಅದೇ ಕೆಲಸದಲ್ಲಿದ್ದ. ಸವೇರಮ್ಮ ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗುತ್ತಿದ್ದಳು. ಉಳಿದ ಆರು ದಿನ ಪಕ್ಕದ ಮನೆಯ ಓಬಳಪ್ಪನನ್ನು ಬಯ್ಯುತ್ತಿದ್ದಳು.

ಬೈಗುಳಕ್ಕೆ ಕಾರಣ ಒಂದು ಹುಂಜ. ಸಂತ ಅಂತೋಣಿಯವರ ಹಬ್ಬಕ್ಕೆಂದು ಚೌರಪ್ಪ ಹರಕೆ ಹೊತ್ತು ಬಿಟ್ಟಿದ್ದ ಆ ಹುಂಜ ಹಬ್ಬಕ್ಕೆ ಮುಂಚೆಯೇ ಕಾಣೆಯಾಯಿತು. ಓಬಳಪ್ಪನೇ ಹಿಡಿದು ತಿಂದನೆಂದು ಸವೇರಮ್ಮ ಹೇಳಿದಳು. ಚೌರಪ್ಪನೂ ಓಬಳಪ್ಪನೂ ಒಂದೇ ಗ್ಯಾಂಗಿನವರು, ಒಂದೇ ಬುತ್ತಿಯಲ್ಲಿ ಉಂಡವರು. ಅಂದಿನಿಂದ ಮಾತು ನಿಂತಿತು. ನಾಲ್ಕು ವರ್ಷದ ಮೇಲೆ ಚೌರಪ್ಪ ಸತ್ತಾಗ ಓಬಳಪ್ಪ ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿ ಮನೆಗೆ ಹೋದ. ಬೈಗುಳ ಮಾತ್ರ ಇನ್ನೂ ಹತ್ತು ವರ್ಷ ನಡೆಯಿತು.

೧೯೭೮ರ ಮಳೆಗಾಲದಲ್ಲಿ ಸವೇರಮ್ಮನಿಗೆ ನ್ಯುಮೋನಿಯಾ ಆಯಿತು. ಡಾಕ್ಟರು ಸೂಜಿ ಹಾಕಿ, ವಯಸ್ಸಾಗಿದೆ, ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಬೀದಿಗೆ ಗೊತ್ತಿತ್ತು. ತರೀಕೆರೆಯಿಂದ ಅವಳ ತಮ್ಮ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದ. ಎಲ್ಲರೂ ಮಣ್ಣಿಗೆಂದು ಒಳ್ಳೆಯ ಬಟ್ಟೆ ತಂದಿದ್ದರು. ಇನ್ನಾಸಪ್ಪ ರಜೆ ಅರ್ಜಿಯಲ್ಲಿ ‘ತಾಯಿಯ ಮರಣ’ ಎಂದು ಕಾರಣ ತುಂಬಿ, ತಾರೀಖಿಗಷ್ಟೇ ಜಾಗ ಬಿಟ್ಟು ಜೇಬಿನಲ್ಲಿಟ್ಟುಕೊಂಡು, ಸಾಯುವವರಿಗೆ ಹಚ್ಚುವ ಎಣ್ಣೆಗಾಗಿ ಫಾದರನ್ನು ಕರೆಯಲು ಹೋದ.

ಫಾದರ್ ಮಸ್ಕರೇನ್ಹಸ್ ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಆಡುವವರು. ಮಧ್ಯಾಹ್ನ ಮೋಟಾರ್ ಸೈಕಲ್ಲಿನಲ್ಲಿ ಬಂದವರಿಗೆ ಅಳುತ್ತಿದ್ದ ನೆಂಟರನ್ನು ಕಂಡು ಬೇಸರವಾಯಿತು. ಇದು ಸಾಯುವವರ ಎಣ್ಣೆಯಲ್ಲ, ರೋಗಿಗಳ ಅಭ್ಯಂಗ, ಗುಣವಾಗಲೆಂದೇ ಹಚ್ಚುವುದು, ಹಳೆಯ ಹೆಸರನ್ನು ಧರ್ಮಸಭೆಯೇ ಬದಲಾಯಿಸಿದೆ ಎಂದು ಜಗಲಿಯಲ್ಲಿ ನಿಂತು ವಿವರಿಸಿದರು. ನೆಂಟರು ಗೌರವದಿಂದ ಕೇಳಿಸಿಕೊಂಡು ಮತ್ತೆ ಅಳತೊಡಗಿದರು.

ಎಣ್ಣೆಗೆ ಮೊದಲು ಪಾಪನಿವೇದನೆ. ಅದು ಗುಟ್ಟಿನ ವಿಷಯವಾದ್ದರಿಂದ ಫಾದರ್ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಜಗಲಿಯಲ್ಲಿ ಮನೆಯವರು, ನೆಂಟರು, ಎದುರುಮನೆಯ ಕರಿಯಮ್ಮ. ಸಾಯುವವಳ ಮೇಲೆ ಹಟ ಯಾಕೆಂದು ಓಬಳಪ್ಪನೂ ಬಂದು ಕಂಬಕ್ಕೆ ಒರಗಿ ನಿಂತಿದ್ದ.

ಒಳಗಿನಿಂದ ಸವೇರಮ್ಮನ ದನಿ ಸ್ಪಷ್ಟವಾಗಿ ಬಂತು. ಕರಿಯಮ್ಮನಿಗೆ ಕೊಟ್ಟ ಮೊಟ್ಟೆಗಳಲ್ಲಿ ಹಳೆಯವನ್ನು ಸೇರಿಸಿದ್ದು ಮೊದಲು ಬಂತು. ಸೊಸೆ ಮಾಡಿಟ್ಟ ಸಾರಿಗೆ ತಾನೇ ಉಪ್ಪು ಹಾಕಿ ಅವಳನ್ನು ಬೈದದ್ದು ಆಮೇಲೆ.

“ಆ ಹುಂಜಾನ ಓಬಳಪ್ಪ ತಿನ್ಲಿಲ್ಲ ಸ್ವಾಮಿ. ತರೀಕೆರೆಯಿಂದ ನನ್ ತಮ್ಮ ಬಂದಿದ್ದ, ನಾನೇ ಕುಯ್ದು ಸಾರು ಮಾಡ್ದೆ. ಹರಕೆ ಹುಂಜ ಅಂತ ನಮ್ಮೆಜಮಾನ್ರು ಹೊಡೆದಾರು ಅಂತ ಅವನ ಮೇಲೆ ಹಾಕ್ದೆ.”

ಮೆಲ್ಲನೆ ಹೇಳಮ್ಮ ಎಂದು ಫಾದರ್ ಕೇಳಿಕೊಂಡರು. ತನ್ನ ಮಾತು ಅವರಿಗೆ ಕೇಳಿಸಲಿಲ್ಲವೆಂದು ತಿಳಿದ ಸವೇರಮ್ಮ ಮೊಟ್ಟೆಯಿಂದ ಶುರುಮಾಡಿ ಎಲ್ಲವನ್ನೂ ಇನ್ನೊಮ್ಮೆ, ಇನ್ನಷ್ಟು ಜೋರಾಗಿ ಹೇಳಿದಳು. ಜಗಲಿಯಲ್ಲಿದ್ದ ಅವಳ ತಮ್ಮ ನೆಲ ನೋಡಿದ. ಓಬಳಪ್ಪ ಮೆಟ್ಟಿಲಿಳಿದು ಹೊರಟುಹೋದ.

ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚಿ ಫಾದರ್ ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ಪಾಪನಿವೇದನೆ ಅಕಸ್ಮಾತ್ ಕಿವಿಗೆ ಬಿದ್ದರೂ ಅದನ್ನು ಬಾಯಿಬಿಡುವುದು ಮಹಾಪಾಪ ಎಂದು ಎಚ್ಚರಿಸಿದರು.

“ಅದು ನಿಮ್ಮೋರಿಗೆ ಸ್ವಾಮಿ,” ಎಂದಳು ಕರಿಯಮ್ಮ. “ನಮಗ್ಯಾವ ಕಟ್ಟು?”

ಸಂಜೆಯೊಳಗೆ ಸುದ್ದಿ ಕಡೂರು ಮುಟ್ಟಿತು. ರೋಸಮ್ಮ ಮಾತ್ರ ನಿಯಮ ಪಾಲಿಸಿದಳು. ಉಳಿದವರೆಲ್ಲ ಹೇಳಿಯಾಗಿದ್ದರಿಂದ ಅದು ಅವಳಿಗೆ ಕಷ್ಟವಾಗಲಿಲ್ಲ.

ಮೂರನೆಯ ದಿನ ಸವೇರಮ್ಮನ ಜ್ವರ ಇಳಿಯಿತು. ಐದನೆಯ ದಿನ ಗಂಜಿ ಕೇಳಿದಳು. ನೆಂಟರು ಮಡಿಕೆ ಬಿಚ್ಚದ ಬಟ್ಟೆಗಳನ್ನು ಹಾಗೇ ವಾಪಸು ಒಯ್ದರು. ಬೀದಿಗೆಲ್ಲ ತನ್ನ ಪಾಪ ಗೊತ್ತೆಂದು ಅವಳಿಗೆ ಯಾರೂ ಹೇಳಲಿಲ್ಲ. ಮೊಟ್ಟೆ ಕೊಳ್ಳಲು ಬಂದ ಕರಿಯಮ್ಮ ಒಂದೊಂದನ್ನೂ ನೀರಿಗೆ ಹಾಕಿ ತೇಲುತ್ತದೋ ಎಂದು ನೋಡಿದಾಗ ಸವೇರಮ್ಮ ತಾನೇ ಅರ್ಥಮಾಡಿಕೊಂಡಳು. ಎರಡು ವಾರ ಹೊಸಿಲು ದಾಟಲಿಲ್ಲ. ಯಾಕೆ ಬದುಕಿಸಿದೆಯಪ್ಪಾ ಎಂದು ದೇವರನ್ನು ಕೇಳಿದ್ದು ಸ್ಟೇಷನ್ನಿನವರಿಗೂ ಕೇಳಿಸಿತು.

ಒಂದು ಬೆಳಿಗ್ಗೆ ಓಬಳಪ್ಪ ಬಂದು ಹೊಸಿಲ ಹೊರಗೆ ಕುಳಿತ. ಹುಂಜದ ಮಾತೆತ್ತಲಿಲ್ಲ. ಕೇಳಬೇಕಾದದ್ದನ್ನು ಕೂಗಿಯೇ ಕೇಳಬೇಕಾಯಿತು.

“ಚೌರಪ್ಪ ಅದನ್ನ ನಂಬಿದ್ನೇನಮ್ಮ?”

ಸವೇರಮ್ಮ ಬಾಯಿಗೆ ಹಿಡಿದ ಸೆರಗನ್ನು ಸರಿಸಿದಳು. “ಇಲ್ಲ ಕಣಪ್ಪ. ಓಬಳ ಅಂಥೋನಲ್ಲ ಅಂತ ಅವತ್ತೇ ಅಂದ್ರು. ಅವನ್ನ ಮಾತಾಡ್ಸಿದ್ರೆ ಅನ್ನ ಹಾಕಲ್ಲ ಅಂದೆ ನಾನು.”

ಓಬಳಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಒಂದು ತುತ್ತಿಗೆ ನನ್ನ ಬಿಟ್ಟನಲ್ಲ ಎಂದು ಮೆಲ್ಲಗೆ ಅಂದದ್ದು ಸವೇರಮ್ಮನಿಗೆ ಕೇಳಿಸಲಿಲ್ಲ. ರೋಸಮ್ಮ ತಂದ ಕಾಫಿಯನ್ನು ಅವನು ಬೇಡವೆನ್ನಲಿಲ್ಲ.

ಈ ಗುಣವಾದ ಕಥೆಯನ್ನು ಬಿಷಪ್ಪರಿಗೆ ಬರೆದು ಕಳಿಸಲು ಫಾದರ್ ವಿವರ ಕೇಳಿದರು. “ಜ್ವರ ಸೂಜಿಗೆ ಹೋಗಿರ್ಬೋದು ಸ್ವಾಮಿ,” ಎಂದಳು ಸವೇರಮ್ಮ. “ಎಣ್ಣೆ ಹಚ್ಚಿದ್ಮೇಲೆ ಬಯ್ಯೋಕೆ ಯಾರೂ ಇಲ್ದಂಗಾಯ್ತು.” ಫಾದರ್ ಎರಡೂ ಮಾತನ್ನು ಬಿಟ್ಟು ವರದಿ ಬರೆದರು. ವರದಿಯಿಂದ ಪ್ರಯೋಜನವೇನೂ ಆಗಲಿಲ್ಲ. ಎಣ್ಣೆ ಹಚ್ಚಿಸಿಕೊಂಡರೆ ಸಾಯುತ್ತೇವೆಂದು ಮೊದಲು ಹೆದರುತ್ತಿದ್ದ ಬೀರೂರಿನ ಕ್ರೈಸ್ತರು ಈಗ ಬದುಕಿಬಿಟ್ಟರೆ ಏನು ಗತಿಯೆಂದು ಹೆದರತೊಡಗಿದರು.

ಸವೇರಮ್ಮ ಇನ್ನೂ ಒಂಬತ್ತು ವರ್ಷ ಬದುಕಿದಳು. ಓಬಳಪ್ಪ ದಿನಾ ಬೆಳಿಗ್ಗೆ ಬಂದು ಯಾವ ಗಾಡಿ ಎಷ್ಟು ತಡವೆಂದು ಅವಳ ಕಿವಿಯಲ್ಲಿ ಕೂಗುತ್ತಿದ್ದ. ಅವಳು ಚೌರಪ್ಪನ ಹಳೆಯ ಸುದ್ದಿ ಹೇಳುತ್ತಿದ್ದಳು. ೧೯೮೭ರಲ್ಲಿ ಅವಳು ತೀರಿಕೊಂಡಾಗ ಸಮಾಧಿಗೆ ಹಿಡಿ ಮಣ್ಣು ಹಾಕಲು ಹಣೆಯ ಮೇಲೆ ನಾಮವಿದ್ದ ಮುದುಕನೊಬ್ಬ ಮನೆಯವರ ಸಾಲಿನಲ್ಲೇ ಬಂದದ್ದನ್ನು ಕಂಡು ಹೊಸ ಫಾದರ್, ಇವರು ಸಂಬಂಧಿಕರೋ ಎಂದು ಕೇಳಿದರು. ಇನ್ನಾಸಪ್ಪ ಹೌದೆಂದ.