ಕಾರಿನ ಸದ್ದಿಗೆ ನನ್ನ ಒಗ್ಗರಣೆ

ತಪ್ಪು ನನ್ನ ಬಾಯಿಯದ್ದೇ. ಮಗಳ, ಅಂದರೆ ನನ್ನ ತಂಗಿಯ, ಮೊದಲ ನೃತ್ಯ ನೋಡಲು ನನ್ನೊಡನೆ ಡೊಂಬಿವಲಿಯಿಂದ ಸಾನಪಾಡಾಕ್ಕೆ ಹೊರಟ ಚಿಕ್ಕಪ್ಪನ ಕಾರು ಸ್ಟಾರ್ಟ್ ಆಗಲಿಲ್ಲ. ಕಲಬುರಗಿ ಕಡೆಯ ಮೆಕ್ಯಾನಿಕ್ ಫೋನಿನಲ್ಲಿ, "ಆವಾಜ್ ಹ್ಯಾಂಗ್ ಬರ್ಲತ್ತದ?" ಎಂದ. ಕೀ ತಿರುಗಿಸಿದರೆ ಬರುತ್ತಿದ್ದುದು ಒಂದೇ 'ಟಕ್'. ಮಿಮಿಕ್ರಿ ಚಟದ ನಾನು 'ಟಕಟಕಟಕ' ಎಂದು ರಾಗ ಎಳೆದೆ. ಸುತ್ತ ನಿಂತವರು ನಕ್ಕರು, ನಾನು ಉಬ್ಬಿದೆ. ಬ್ಯಾಟರಿ ಡೌನ್ ಆಗಿದೆಯೆಂದುಕೊಂಡ ಅವನು, "ಈಗೇ ಹೊಸಾದ್ ತರ್ತೀನಿ" ಎಂದ. ನಂಬಿ ಕಾದೆವು. ಅವನು ಬಂದು ಬ್ಯಾಟರಿ ಬದಲಿಸಿದರೂ ಅದೇ 'ಟಕ್'. ಸಡಿಲವಾಗಿದ್ದದ್ದು ಸ್ಟಾರ್ಟರಿನ ತಂತಿ; ಒಂದೇ 'ಟಕ್' ಎಂದಿದ್ದರೆ ಅವನಿಗೆ ಫೋನಿನಲ್ಲೇ ತಿಳಿಯುತ್ತಿತ್ತಂತೆ. ಬಿಗಿ ಮಾಡಿದ ಕೂಡಲೇ ಕಾರು ಹೊರಟಿತು.

ನಾವು ತಲುಪುವಾಗ ಸಭಾಂಗಣದಲ್ಲಿ ಕುರ್ಚಿ ಮಡಚುತ್ತಿದ್ದರು. ನಡೆದದ್ದೆಲ್ಲ ಹೇಳಿ ತಂಗಿಯ ಕ್ಷಮೆ ಕೇಳಿದೆ. ಗೆಜ್ಜೆ ಬಿಚ್ಚುತ್ತಲೇ ಅವಳೆಂದಳು: "ಅಪ್ಪನ ಚಪ್ಪಾಳೆ ಹೇಗಿರ್ತಿತ್ತು ಅಣ್ಣಾ? ಅದನ್ನೂ ಮಾಡಿ ತೋರಿಸು."