ರೇಡಿಯೋ ಮಾಮನ ಬಾಯಿಗೆ ಬಿದ್ದ ಬೀಗ

ಕಟಿಂಗ್ ಅಂಗಡಿಯವನಿಗೆ ಜನ ಇಟ್ಟ ಹೆಸರು ರೇಡಿಯೋ ಮಾಮ. ಇಟ್ಟವರ ತಪ್ಪೇನಿಲ್ಲ. ಕುರ್ಚಿಯಲ್ಲಿ ಕೂತವನ ಕುತ್ತಿಗೆಗೆ ಬಟ್ಟೆ ಸುತ್ತಿದ ಕೂಡಲೇ ಶುರುವಾಗುವ ವಾರ್ತೆ, ಕೂದಲು ಕೊಡವುವ ತನಕ ನಿಲ್ಲುತ್ತಿರಲಿಲ್ಲ. ಯಾರ ಮನೆಯಲ್ಲಿ ಜಗಳ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಮೇಷ್ಟರು ಬೋಳು ತಲೆಗೆ ಕದ್ದು ಎಣ್ಣೆ ತಿಕ್ಕುತ್ತಿದ್ದಾರೆ, ಎಲ್ಲವೂ ಅಲ್ಲಿ ಪುಕ್ಕಟೆ. ಅಂಥವನನ್ನು ಚರ್ಚಿನ ಪಾದ್ರಿಗಳು ಸೇವೆಗೆ ಕರೆದಾಗ ಬೀದಿಗೆ ಬೀದಿಯೇ ನಕ್ಕಿತು.

ಸೇವೆ ಎಂದರೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಡ್ಡ ತೆಗೆಯುವುದು, ಉಗುರು ಕತ್ತರಿಸುವುದು. ಯಾವ ಮತದವರಾದರೂ ಸರಿ. ಪಾದ್ರಿಗಳು ಹಾಕಿಕೊಟ್ಟ ಕಟ್ಟುಪಾಡು ಕೆಲವೇ. ಕರೆದರೆ ಮಾತ್ರ ಹೋಗಬೇಕು, ಕೇಳದೆ ಉಪದೇಶ ಕೂಡದು, ಪ್ರಾರ್ಥನೆ ಬೇಡ ಎಂದವರ ಗಡ್ಡವನ್ನೂ ಅಷ್ಟೇ ನುಣ್ಣಗೆ ತೆಗೆಯಬೇಕು. ಕೊನೆಗೆ ಒತ್ತಿ ಹೇಳಿದ್ದು ಇದು: "ಒಂದು ಮನೆ ಮಾತು ಇನ್ನೊಂದು ಮನೆಗೆ ಹೋಗಬಾರದು. ಅದೇ ಮನೆಯ ಇನ್ನೊಂದು ಕೋಣೆಗೂ ಹೋಗಬಾರದು. ಮಾತು ಹೇಳಿದವರ ಸೊತ್ತು."

ಆಶ್ಚರ್ಯವೆಂದರೆ ಮಾಮ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಅಂಗಡಿಯಲ್ಲಿ ಬಾಯಿಬಡುಕ, ರೋಗಿಯ ಮನೆಯಿಂದ ಹೊರಬಿದ್ದರೆ ತುಟಿಪಿಟಕ್ಕೆನ್ನದ ಮನುಷ್ಯ. ಹೆಂಡತಿ ತೀರಿಹೋದ ಮೇಲೆ ಅವನನ್ನು ನಂಬಿ ಯಾರೂ ಏನನ್ನೂ ಒಪ್ಪಿಸಿರಲಿಲ್ಲ. ಈಗ ಒಪ್ಪಿಸಿದ್ದಾರಲ್ಲ, ಅದು ಅವನ ಹೆಮ್ಮೆ.

ಮೇಲಿನ ಬೀದಿಯ ವೆಲ್ಡರ್ ಹಾಸಿಗೆ ಹಿಡಿದಾಗ ಮಾಮ ಅಲ್ಲಿಗೂ ಹೋಗತೊಡಗಿದ. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಮಗಳು ಶಾಲೆಯಲ್ಲಿ ತಾತ್ಕಾಲಿಕ ಟೀಚರ್. ದೂರದ ಊರಿನಲ್ಲಿ ತರಬೇತಿ ಮುಗಿಸಿ ಬಂದರೆ ಕೆಲಸ ಕಾಯಂ. ಒಂದು ದಿನ ಅವಳು ಒಳಗೆ ನೀರು ಕಾಯಿಸುತ್ತಿದ್ದಾಗ, ಕೆನ್ನೆಯ ತುಂಬ ನೊರೆ ಹಚ್ಚಿಸಿಕೊಂಡಿದ್ದ ವೆಲ್ಡರ್ ಮೆಲ್ಲಗೆ ಹೇಳಿದ. ಡಾಕ್ಟರು ಕೈಚೆಲ್ಲಿದ್ದಾರೆ, ಇನ್ನು ಕೆಲವೇ ವಾರ. "ಅವಳಿಗೆ ಹೇಳ್ಬೇಡ. ಹೇಳಿದ್ರೆ ಹೋಗಲ್ಲ. ನಂದು ಮುಗೀತು, ಅವಳದ್ದು ಶುರುವಾಗ್ಲಿ."

ಮಾಮನ ರೇಜರ್ ಗಾಳಿಯಲ್ಲೇ ನಿಂತಿತು. ಆಮೇಲೆ ಉಳಿದರ್ಧ ಗಡ್ಡ ತೆಗೆದ. ಬೇರೇನೂ ಮಾಡಲಿಕ್ಕೆ ತೋಚಲಿಲ್ಲ.

ಹೊರಡುವಾಗ ಮಗಳು ಗೇಟಿನವರೆಗೆ ಬಂದಳು. ಅಪ್ಪ ಚೆನ್ನಾಗಿದ್ದೀನಿ ಅಂತಾರೆ, ನನಗ್ಯಾಕೋ ಧೈರ್ಯ ಸಾಲ್ತಿಲ್ಲ ಎಂದಳು. "ನಿಮ್ಮ ಹತ್ರ ಮನಸ್ಸು ಬಿಚ್ಚಿ ಮಾತಾಡ್ತಾರೆ. ನೀವು ಹೇಳಿ, ನಾನು ಹೋಗ್ಲಾ ಮಾಮ?"

ಬೇಡ ಎಂದರೆ ಮಾತು ಹೊರಬಿದ್ದಂತೆ, ಹೋಗು ಎಂದರೆ ಸುಳ್ಳಾಡಿದಂತೆ. ಅತ್ತ ದರಿ, ಇತ್ತ ಪುಲಿ. ಅಪ್ಪನನ್ನೇ ಇನ್ನೊಂದು ಸಲ ಕೇಳಮ್ಮ ಎಂದು ಗೊಣಗಿ ಸೈಕಲ್ ಹತ್ತಿದ. ಅವಳು ಕೇಳಿದಳು. ಅಪ್ಪ ನಗುನಗುತ್ತಾ ಹೋಗಿ ಬಾ ಎಂದ.

ಮಾಮ ನೇರ ಪಾದ್ರಿಗಳ ಬಳಿ ಹೋಗಿ, ಒಂದು ಮನೆ ಅಂತ ಇಟ್ಕೊಳ್ಳಿ ಎಂದು ಶುರು ಮಾಡಿದ. ಯಾವ ಮನೆಯೆಂದು ಪಾದ್ರಿಗಳಿಗೆ ಆಗಲೇ ಗೊತ್ತಾಯಿತು, ತೋರಿಸಿಕೊಳ್ಳಲಿಲ್ಲ. ಹೇಳಿದವನೇ ಬಿಡುಗಡೆ ಕೊಡಬೇಕು, ಅವನ ಕಾಲು ಹಿಡಿದಾದರೂ ಕೇಳು ಎಂದರು. ಕೊಡದಿದ್ದರೆ ಎಂದ ಮಾಮ. "ನನಗೂ ಗೊತ್ತಿಲ್ಲಪ್ಪ," ಎಂದರು ಪಾದ್ರಿಗಳು.

ಮಾಮ ಅಕ್ಷರಶಃ ಕಾಲು ಹಿಡಿದೇ ಕೇಳಿದ. ವೆಲ್ಡರ್ ಗೋಡೆಯ ಕಡೆ ಹೊರಳಿದ, ಅಷ್ಟೇ. ಮಗಳು ಸೂಟ್‌ಕೇಸ್ ಹಿಡಿದು ಬಸ್ ಹತ್ತಿದಳು. ಅವತ್ತು ಅಂಗಡಿಯಲ್ಲಿ ವಾರ್ತೆ ಇರಲಿಲ್ಲ. ಗಿರಾಕಿಗಳು ಮಾಮನಿಗೆ ಹಲ್ಲುನೋವು ಎಂದುಕೊಂಡರು.

ಡಾಕ್ಟರು ಹೇಳಿದ್ದಕ್ಕಿಂತ ಬೇಗ ವೆಲ್ಡರ್‌ನ ಉಸಿರು ಏರಿಳಿಯತೊಡಗಿತು. ಮಾಮ ರಾತ್ರಿ ಹಗಲು ಅಲ್ಲೇ ಉಳಿದ. ಒಂದು ಬೆಳಿಗ್ಗೆ ವೆಲ್ಡರ್ ಕಣ್ಣುಬಿಟ್ಟು, ಅವಳನ್ನ ಕರೆಸು ಎಂದ. ಮಾಮ ಫೋನ್ ಮಾಡಿದ. ಅವಳು ಸಿಕ್ಕ ಬಸ್ ಹತ್ತಿದಳು. ಆದರೆ ದಾರಿ ದೂರ. ವೆಲ್ಡರ್ ಬಾಗಿಲಲ್ಲಿ ಸದ್ದಾದಾಗಲೆಲ್ಲ ಬಂದ್ಲಾ ಎಂದು ಕೇಳಿದ. ಹಾಲಿನವನು ಬಂದಾಗ ಕೇಳಿದ, ಪಾದ್ರಿಗಳು ಬಂದಾಗ ಕೇಳಿದ. ಸಂಜೆಗೆ ಕೇಳುವುದು ನಿಂತಿತು.

ಅವಳು ಬಂದಾಗ ಅಪ್ಪನ ಮುಖ ನುಣ್ಣಗಿತ್ತು, ತಣ್ಣಗಿತ್ತು. ಅತ್ತು ಮುಗಿಸಿ ಮಾಮನ ಎದುರು ಬಂದು ನಿಂತಳು.

"ಗೇಟಿನ ಹತ್ರ ಕೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಊರಿಗೆಲ್ಲ ಮಾತಾಡ್ತೀರಿ. ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

ಅಪ್ಪನೇ ಬೇಡ ಎಂದ ಎನ್ನಬಹುದಿತ್ತು. ಸತ್ತವನ ಮೇಲೆ ತಪ್ಪು ಹೊರಿಸಲು ಮಾಮನಿಗೆ ಮನಸ್ಸು ಬರಲಿಲ್ಲ. ಅವಳು ಬಿಡಲಿಲ್ಲ. "ಕೊನೆಗೆ ಅಪ್ಪ ನನ್ನ ಕೇಳಿದ್ರಾ?"

ಈ ಮಾತನ್ನು ಹೇಳಬೇಡ ಎಂದು ಯಾರೂ ಕಟ್ಟುಹಾಕಿರಲಿಲ್ಲ. ಅವಳ ಸಂಕಟ ಹೆಚ್ಚದಂತೆ ಇದೊಂದನ್ನಾದರೂ ನುಂಗಬೇಕಿತ್ತು.

"ಕೇಳಿದ್ರಮ್ಮ," ಎಂದ ಮಾಮ. "ದಿನವೆಲ್ಲ ಕೇಳಿದ್ರು."